ನಾಲ್ಕು ಗೂಟ, ನಾಲ್ಕು ಮೋಟರ್‌ಸೈಕಲ್, ಒಂದು ಎಮ್ಮೆ

ಒಬ್ಬ ಮನುಷ್ಯನಿಗೆ ಎಷ್ಟು ಮೋಟರ್‌ಸೈಕಲ್ ಇದ್ದರೆ ಹೆಚ್ಚಾಯಿತು ಎಂಬ ಪ್ರಶ್ನೆಯನ್ನು ಧಾರವಾಡದಲ್ಲಿ ಎಂ.ಎ. ಓದುವಾಗ ಯಾರೂ ನನಗೆ ಕೇಳಲಿಲ್ಲ. ಚಿಕ್ಕೋಡಿಯಲ್ಲಿ ಬಾಡಿಗೆಗೆ ಇದ್ದಷ್ಟು ವರ್ಷವೂ ಅದನ್ನೇ ಕೇಳಿದರು. ನಾನು ಉತ್ತರ ಹೇಳಿದಾಗಲೆಲ್ಲ ಮನೆಗೆ ಇನ್ನೊಂದು ಮೋಟರ್‌ಸೈಕಲ್ ಬಂತು.

ಎಂಬತ್ತರ ದಶಕದ ಆರಂಭ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಲು ಬಂದವನು ಊರಂಚಿನ ಒಂದು ದೊಡ್ಡ ಮನೆಯ ಹಿತ್ತಲಲ್ಲಿ ಖೋಲಿ ಹಿಡಿದೆ. ಅದು ಮೊದಲು ಹೊಟ್ಟು, ಕಣಿಕೆ ತುಂಬುವ ಖೋಲಿ. ಸುಣ್ಣ ಹೊಡೆದು, ಕಿಟಕಿ ಕೂಡಿಸಿ, ನನ್ನನ್ನು ತುಂಬಿದರು. ಗೋಡೆಯ ಆಚೆಗೆ ದನದ ಮನೆ. ಅದರಲ್ಲಿ ನಾಲ್ಕು ಗೂಟ, ಮೇವು ಹಾಕಲು ಉದ್ದಕ್ಕೂ ಒಂದು ಕಲ್ಲಿನ ಗ್ವಾದಲಿ. ಎರಡು ಗೂಟಕ್ಕೆ ಜೋಡಿ ಎತ್ತು, ಮೂರನೆಯದಕ್ಕೆ ಆಕಳು, ನಾಲ್ಕನೆಯದಕ್ಕೆ ಎಮ್ಮೆ. ಬಾಡಿಗೆಯ ಮಾತಾಡುವಾಗಲೇ ಮಾಲಕರ ಹೆಂಡತಿ, ನಾನು ವೈನಿ ಅನ್ನುತ್ತಿದ್ದೆ, ಒಂದು ಮಾತು ಕೊಟ್ಟಿದ್ದರು: ಮುಂಜಾನೆ ಸಂಜೆ ಎಮ್ಮೆಯ ಹಾಲಿನ ಚಹಾ ಅವರ ಮನೆಯಿಂದಲೇ. ಖೋಲಿಗೆ ದನದ ಮನೆಯ ವಾಸನೆ ಬರುತ್ತಿತ್ತು. ಚಹಾ ಕುಡಿದ ಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಮಾಲಕರ ಹೊಲ ರಾಯಬಾಗ ತಾಲೂಕಿನ ಅಲಖನೂರದಲ್ಲಿ. ಕಬ್ಬು. ನನ್ನನ್ನು ‘ಮಾಸ್ತರ’ ಎಂದು ಕರೆಯುತ್ತಿದ್ದರು. ನಾನು ಮಾಸ್ತರನಲ್ಲ, ಕಾಲೇಜಿನಲ್ಲಿ ಉಪನ್ಯಾಸಕ ಎಂದು ತಿದ್ದಿದೆ. “ಗೊತ್ತೈತ್ರಿ, ದೊಡ್ಡ ಮಾಸ್ತರ,” ಎಂದು ಒಪ್ಪಿಕೊಂಡರು.

೧. ಒಂಟಿ ಕಟ್ಟಬಾರದು

ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಮನೆಯ ಎತ್ತುಗಳಿಗೆ ವಯಸ್ಸಾಗಿತ್ತು. ಒಂದರ ಹಿಂದೆ ಒಂದು ಹೋದವು. ಮಾಲಕರು ಬಹಳ ದಿನ ಖಾಲಿ ಗೂಟಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದಿದರು. ಆಮೇಲೆ ಒಂದು ದಿನ ದಪ್ಪನೆಯ ಕಪ್ಪು ಮೋಟರ್‌ಸೈಕಲ್ ಹತ್ತಿಕೊಂಡು ಬಂದರು. ಅಲಖನೂರಕ್ಕೆ ಹೋಗಿಬರಲು ಬೇಕಿತ್ತು, ತಪ್ಪೇನಿಲ್ಲ. ಆದರೆ ಅಂಗಳದಲ್ಲಿ ನಿಲ್ಲಿಸಲಿಲ್ಲ. ನೇರ ದನದ ಮನೆಗೆ ಒಯ್ದು, ಮುಂದಿನ ಗಾಲಿಯನ್ನು ಗ್ವಾದಲಿಗೆ ಹಚ್ಚಿ, ಮೊದಲನೆಯ ಗೂಟಕ್ಕೆ ಸರಪಳಿ ಹಾಕಿದರು. ಹೆಸರು ಕರಿಯ ಎಂದಿಟ್ಟರು.

ಕೆಲವೇ ತಿಂಗಳಲ್ಲಿ ಕೆಂಪು ಬಣ್ಣದ ಇನ್ನೊಂದು ಬಂತು. ಎರಡನೆಯ ಗೂಟ. ಹೆಸರು ಕೆಂಪ್ಯಾ.

“ಹತ್ತುವವರು ನೀವು ಒಬ್ಬರೇ. ಎರಡು ಯಾಕೆ?” ಎಂದು ಕೇಳಿದೆ.

“ಒಂಟಿ ಕಟ್ಟಬಾರದ್ರಿ ಮಾಸ್ತರ. ಒಂದ ಎತ್ತ ಕಟ್ಟಿದ್ರ ಮನಸಿಗಿ ಹಚ್ಕೊಂಡ ಸೊರಗತೈತಿ.”

“ಇದು ಎತ್ತಲ್ಲ.”

“ನಿಮಗ ಹೆಂಗ ಗೊತ್ತು? ನೀವು ಎತ್ತೂ ಕಟ್ಟಿಲ್ಲ, ಗಾಡೀನೂ ಕಟ್ಟಿಲ್ಲ.”

“ನನ್ನ ಹತ್ತಿರ ಸೈಕಲ್ ಇದೆ.”

ಮಾಲಕರು ಗೋಡೆಗೆ ಒರಗಿದ್ದ ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಸರಪಳಿಗೆ ತುಕ್ಕು, ಹಿಂದಿನ ಗಾಲಿಯಲ್ಲಿ ಗಾಳಿ ಇಲ್ಲ.

“ನೋಡ್ರಿ,” ಅಂದರು, “ಒಂಟಿ ಐತಿ, ಹೆಂಗ ಸೊರಗೇತಿ.”

೨. ಮಾವಿನಹಣ್ಣಿನ ನಿಯಮ

ಕಾಗವಾಡಕ್ಕೆ ಕೊಟ್ಟ ಮಗಳು ಹಡೆದಳು. ಬಾಣಂತಿಗೆ ಹಾಲಿರಲಿ ಎಂದು ಆಕಳು ಅವಳ ಮನೆಗೆ ಹೋಯಿತು. ಮೂರನೆಯ ಗೂಟ ಖಾಲಿಯಾಯಿತು. ಅದೇ ಹೊತ್ತಿಗೆ ಕರಿಯ ಸ್ಟಾರ್ಟ್ ಆಗುವುದನ್ನು ಬಿಟ್ಟ. ಮಿಸ್ತ್ರಿ ಬಂದು, ಬಿಚ್ಚಿ, ನೋಡಿ, ಮುಚ್ಚಿ, ತಲೆಯಾಡಿಸಿ ಹೋದ. ಮಾಲಕರ ಲೆಕ್ಕದಲ್ಲಿ ಕೆಂಪ್ಯಾ ಈಗ ಒಂಟಿ.

ವೈನಿ ನನ್ನ ಬಾಗಿಲಿಗೆ ಬಂದರು.

“ಸರ, ನೀವು ಕಾಲೇಜದಾಗ ಏನ ಕಲಸ್ತೀರಿ?”

“ಅರ್ಥಶಾಸ್ತ್ರ.”

“ಅದರಾಗ ‘ಸಾಕು’ ಅನ್ನೂದು ಎಲ್ಲೆರ ಬರತೈತೇನ್ರಿ?”

ಇಷ್ಟು ಸರಳವಾಗಿ ಈ ವಿಷಯವನ್ನು ನನಗೆ ಯಾರೂ ಕೇಳಿರಲಿಲ್ಲ. ಬರುತ್ತದೆ, ಎರಡನೆಯ ಪಾಠದಲ್ಲೇ ಬರುತ್ತದೆ ಎಂದೆ.

“ಹಂಗಾರ ಅದನ್ನ ನಮ್ಮನಿಯವ್ರಿಗಿ ಹೇಳ್ರಿ. ಮೂರನೇ ಗೂಟಕ್ಕ ಏನರ ಕಟ್ಕೊಳ್ಳಿ. ನಾಕನೇದು ನನ್ನ ಎಮ್ಮೀದು. ಎಮ್ಮಿ ಗಬ್ಬ ಐತಿ, ಮಳಿಗಾಲದಾಗ ಈತೈತಿ. ಅದೇನರ ಹೊರಗ ಬಿತ್ತಂದ್ರ ನೋಡ್ರಿ, ನಿಮ್ಮ ಚಹಾಕ ಹಾಲಿಲ್ಲ.”

ಶಾಸ್ತ್ರದ ಜೊತೆಗೆ ಚಹಾವೂ ಸೇರಿದ್ದರಿಂದ ನಾನು ಆಸ್ಥೆಯಿಂದ ತಯಾರಾದೆ. ಸಂಜೆ ಮಾಲಕರನ್ನು ಕಟ್ಟೆಯ ಮೇಲೆ ಕೂಡಿಸಿ ಇಳಿಮುಖ ತುಷ್ಟಿಗುಣ ನಿಯಮವನ್ನು ಹೇಳಿದೆ. ಹಸಿದವನು ಮೊದಲ ಮಾವಿನಹಣ್ಣು ತಿಂದರೆ ಸ್ವರ್ಗ. ಎರಡನೆಯದು ಚೆನ್ನ. ಮೂರನೆಯದು ಪರವಾಗಿಲ್ಲ. ನಾಲ್ಕನೆಯದು ಬೇಡ. ಐದನೆಯದಕ್ಕೆ ವಾಕರಿಕೆ. ವಸ್ತು ಅದೇ, ಸಿಗುವ ಸುಖ ಮಾತ್ರ ಇಳಿಯುತ್ತ ಹೋಗುತ್ತದೆ.

ಮಾಲಕರು ಒಂದೊಂದಕ್ಕೂ ತಲೆದೂಗಿದರು. “ಖರೆ ಐತಿ. ಅಗದೀ ಖರೆ ಐತಿ.” ಬಾಗಿಲ ಮರೆಯಲ್ಲಿ ವೈನಿಯ ಬಳೆ ಸಮಾಧಾನದಿಂದ ಸದ್ದಾಯಿತು.

“ಆದ್ರ ಮಾಸ್ತರ,” ಅಂದರು ಮಾಲಕರು, “ಮಾವಿನಹಣ್ಣು ಹೊಟ್ಟಿಗಿ ಹೋಗತಾವ. ಗಾಡಿ ಎಲ್ಲಿ ಹೋಗತಾವ? ದನದ ಮನಿಗಿ. ದನದ ಮನಿಗಿ ವಾಕರಿಕಿ ಬರಂಗಿಲ್ಲ.”

ನಾನು ಪಠ್ಯಪುಸ್ತಕದ ಹಾಳೆ ತಿರುವತೊಡಗಿದೆ. ಅವರು ಅದನ್ನು ಗಮನಿಸಿ, ಸೋತವನ ಬೆನ್ನು ತಟ್ಟುವ ಧಾಟಿಯಲ್ಲಿ ಹೇಳಿದರು: “ಸಾಕು ಅನ್ನೂದು ನಿಮಗ ಗೊತ್ತೈತೆಲ್ಲ? ನಾಳಿ ನಿಪ್ಪಾಣಿಗಿ ನನ್ನ ಕೂಡ ಬರ್ರಿ. ಎಲ್ಲಿ ಸಾಕಾತೋ ಅಲ್ಲೆ ಹೇಳ್ರಿ.”

೩. ಟವೆಲ್ಲಿನ ಕೆಳಗೆ

ನಿಪ್ಪಾಣಿಯ ದಲಾಲ ಮೊದಲು ದನದ ಪೇಟೆಯಲ್ಲಿದ್ದವನು. ಎತ್ತಿನ ವ್ಯಾಪಾರ ಇಳಿದ ಮೇಲೆ ಹಳೆಯ ಮೋಟರ್‌ಸೈಕಲ್‌ಗಳಿಗೆ ಬಂದಿದ್ದ. ಸರಕು ಬದಲಾಗಿತ್ತು. ಪದ್ಧತಿ ಬದಲಾಗಿರಲಿಲ್ಲ. ಗಾಡಿಗಳನ್ನು ಒಂದು ಹುಣಸೆ ಮರದ ನೆರಳಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದರ ಮುಂದೆ ಒಂದು ಮುಷ್ಟಿ ಹಸಿ ಹುಲ್ಲು ಹಾಕಿದ್ದ. ಶಕುನಕ್ಕೆ ಅಂದ.

ಮಾಲಕರೂ ಕಡಿಮೆಯಿಲ್ಲ. ಸೀಟಿಗೆ ಬೆನ್ನು ತಟ್ಟಿದಂತೆ ತಟ್ಟಿದರು. ಹಿಂದೆ ಹೋಗಿ ಕಾಲು ನೋಡಿದರು. ಮುಂದಿನ ದೀಪವನ್ನು ಗಲ್ಲ ಹಿಡಿದಂತೆ ಹಿಡಿದು ಆಚೀಚೆ ತಿರುಗಿಸಿದರು. ಒಂದು ಗಾಡಿಯ ಪೆಟ್ರೋಲ್ ಟಾಕಿಯ ಮೇಲೆ, ನಟ್ಟನಡುವೆ, ಬಟ್ಟಲಿನಷ್ಟು ತಗ್ಗು ಬಿದ್ದಿತ್ತು. ಮಾಲಕರು ಎರಡು ಹೆಜ್ಜೆ ಹಿಂದೆ ಸರಿದರು.

“ಇದರ ಸುಳಿ ಕೆಟ್ಟೈತಿ. ಮಾಲಕನ್ನ ತಿನ್ನು ಸುಳಿ ಇದು. ಬ್ಯಾಡ.”

ಎತ್ತಿನ ಮೈಮೇಲೆ ಕೂದಲು ಸುತ್ತಿದ ಸುಳಿ ನೋಡಿ ಶುಭ ಅಶುಭ ಹೇಳುವುದು ಕೇಳಿದ್ದೆ. ಟಾಕಿಯ ಮೇಲಿನ ಸುಳಿ ಬಿದ್ದದ್ದು ಯಾವುದೋ ಕಂಬಕ್ಕೆ ಗುದ್ದಿ. ಮಾಲಕನನ್ನು ತಿಂದದ್ದಂತೂ ನಿಜವಿರಬಹುದು.

ಕೊನೆಗೆ ಕನ್ನಡಿಯೂ ಇಲ್ಲದ, ಹಾರ್ನೂ ಇಲ್ಲದ ಒಂದು ಗಾಡಿ ಮನಸ್ಸಿಗೆ ಬಂತು. ಬೋಳು ತಲೆಯದಾದ್ದರಿಂದ ಬೋಳ್ಯಾ. ದಲಾಲ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಾಲಕರ ಕೈ ಮೇಲೆ ಹಾಸಿದ. ಟವೆಲ್ಲಿನ ಕೆಳಗೆ ಇಬ್ಬರೂ ಕೈ ಹಿಡಿದುಕೊಂಡರು. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬೆರಳು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದು. ಇಬ್ಬರ ಮುಖದ ಮೇಲೆ ದುಃಖ, ಸಿಟ್ಟು, ಅವಮಾನ, ಕ್ಷಮೆ ಎಲ್ಲ ಬಂದುಹೋದವು. ಟವೆಲ್ ಮಾತ್ರ ಒಳಗಿನ ಬೆರಳುಗಳಿಗೆ ತಕ್ಕಂತೆ ಅಲುಗಾಡುತ್ತಿತ್ತು. ಒಮ್ಮೆಲೇ ಇಬ್ಬರೂ ನಕ್ಕರು. ವ್ಯಾಪಾರ ಮುಗಿಯಿತು.

ಮುಗಿದದ್ದು ಅಲ್ಲಿಗೇ ನಿಲ್ಲಬೇಕಿತ್ತು. ದಲಾಲ ನನ್ನ ಕಡೆ ತಿರುಗಿ, “ಕಾಯ್ ಸಾಹೇಬ?”, ಏನು ಸಾಹೇಬರೇ ಎಂದು ಮರಾಠಿಯಲ್ಲಿ ನಗುತ್ತ, ಕೈ ಚಾಚಿದ. ಕೈ ಮೇಲೆ ಟವೆಲ್ ಇನ್ನೂ ಇತ್ತು. ಪರಿಚಯ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನಾನು ಅವನ ಐದೂ ಬೆರಳನ್ನು ಒಟ್ಟಿಗೆ ಹಿಡಿದು, ಒಳ್ಳೆಯ ಸಂಸ್ಕಾರವಂತನಂತೆ ಗಟ್ಟಿಯಾಗಿ ಕುಲುಕಿದೆ.

ಅವನ ಕಣ್ಣು ಅರಳಿದವು. “ಜಮ್ಲಾ!”, ವ್ಯಾಪಾರ ಕುದುರಿತು, ಎಂದು ಕೂಗಿ, ಹುಲ್ಲಿನ ಮುಷ್ಟಿ ಎತ್ತಿ ನನ್ನ ಕೈಗೆ ಕೊಟ್ಟ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಯಾವ ಗಾಡಿ ಎಂದು ತಿರುಗಿ ನೋಡಿದೆ. ಕೆಟ್ಟ ಸುಳಿಯದು. ಎಷ್ಟಕ್ಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ತಪ್ಪಾಯಿತು, ನನಗೆ ಬೇಡ ಎಂದೆ. ಮಾಲಕರು ನನ್ನನ್ನು ತಡೆದರು. “ನನ್ನ ಕೂಡ ಬಂದ ಕೈ, ನನ್ನ ಕೈ ಇದ್ದಂಗ. ಕೊಟ್ಟ ಕೈ ಹಿಂದಕ್ಕ ತಗಿಯೂದಿಲ್ಲ.” ಧ್ವನಿಯಲ್ಲಿ ತ್ಯಾಗವಿತ್ತು, ಮುಖದಲ್ಲಿ ಮಾತ್ರ ಇರಲಿಲ್ಲ.

ಬೋಳ್ಯಾನನ್ನು ಅವರು ಹತ್ತಿದರು. ಸುಳ್ಯಾನನ್ನು ದಲಾಲನ ಆಳು ತಂದ. ನಾನು ಬಸ್ಸಿನಲ್ಲಿ ಬಂದೆ. ಬರುವಷ್ಟರಲ್ಲಿ ಎಮ್ಮೆ ಅಂಗಳದ ಬೇವಿನ ಗಿಡದ ಕೆಳಗಿತ್ತು, ನಾಲ್ಕನೆಯ ಗೂಟಕ್ಕೆ ಸುಳ್ಯಾ ಇದ್ದ. ಸಂಜೆಯ ಚಹಾ ಬಂತು. ಕರ್ರಗಿತ್ತು.

“ವೈನಿ, ಹಾಲು?”

“ಅದನ್ನ ನೀವು ನಿಪ್ಪಾಣ್ಯಾಗ ಕೊಟ್ಟ ಬಂದೀರೆಲ್ರಿ ಸರ.”

೪. ಮನ್ಯಾಗ ಸಾಯ್ಲಿ

ವೈನಿ ಜಗಳಾಡುವವರಲ್ಲ. ಮಾಲಕರು ಅಲಖನೂರಕ್ಕೆ ಹೋದ ದಿನ ನೋಡಿ ಗುಜರಿಯವನನ್ನು ಕರೆಸಿದರು. ನಾಲ್ಕರಲ್ಲಿ ಒಂದು, ಕರಿಯ, ತಿಂಗಳುಗಳಿಂದ ಉಸಿರಾಡಿಲ್ಲ. ಅದು ಹೋದರೆ ಎಮ್ಮೆ ಒಳಗೆ ಬರುತ್ತದೆ. ನ್ಯಾಯವಾಗಿತ್ತು. ಆದರೆ ಮಾಲಕರು ಕೊಡಲಿ ಮರೆತಿದ್ದೆನೆಂದು ಅರ್ಧ ದಾರಿಯಿಂದ ತಿರುಗಿ ಬಂದರು.

“ಯಾರ ಇಂವಾ?”

“ಗುಜರಿಯಾಂವರಿ, ಮಾಲಕರ. ಅಕ್ಕಾರ ಹೇಳಿ ಕಳ್ಸಿದ್ರು. ಇದನ್ನ ಒಯ್ತೇನಿ. ಇದು ಸತ್ತ ಹೋಗೇತಿ.”

“ಸತ್ತಿಲ್ಲ. ಮಲಗೇತಿ.”

“ಬಿಚ್ಚಿ ಭಾಗ ಮಾಡಿದ್ರ ಒಂದಿಷ್ಟು ಕಬ್ಬಿಣ ಬರತೈತ್ರಿ.”

‘ಭಾಗ’ ಎಂಬ ಮಾತು ಕೇಳಿ ಮಾಲಕರು ಕರಿಯನ ಮುಂದೆ ಅಡ್ಡ ನಿಂತರು. “ನನ್ನ ಹೊಲಕ್ಕ ದುಡದ ಜೀವ ಇದು. ಕಾಲು ಸೋತಾವಂತ ಕೊಯ್ಯಾಕ ಕೊಡ್ಲಿ? ನಮ್ಮಪ್ಪ ಒಂದ ಎತ್ತರ ಕೊಟ್ಟಾನೇನು? ಮನ್ಯಾಗ ಸಾಯ್ಲಿ.”

“ಮನ್ಯಾಗ ಸತ್ತೈತೆಲ್ರಿ,” ಅಂದರು ವೈನಿ. “ಸತ್ತದ್ದನ್ನ ಒಳಗ ಕಟ್ಟೀರಿ, ಹಾಲ ಕೊಡೂದನ್ನ ಹೊರಗ ಕಟ್ಟೀರಿ. ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?”

ಗುಜರಿಯವನು ಎರಡೂ ಕಡೆ ಕೈಮುಗಿದು ಹೊರಟ. ಮನೆಯ ವಿಷಯ, ತನಗೇಕೆ ಎಂಬ ಹಾಗೆ.

ಮರುದಿನ ಬೆಳಿಗ್ಗೆ ನೋಡಿದರೆ ಮಾಲಕರು ಕರಿಯನ ಟಾಕಿ ತೆರೆದು, ಪುಟ್ಟ ತಂಬಿಗೆಯಿಂದ ಹನಿಹನಿಯಾಗಿ ಪೆಟ್ರೋಲ್ ಬಿಡುತ್ತಿದ್ದರು.

“ಸ್ಟಾರ್ಟ್ ಆಗಬಹುದಾ?” ಎಂದೆ.

“ಎಲ್ಲೀ ಸ್ಟಾರ್ಟ್ ಮಾಸ್ತರ. ಹೋಗೂ ಮುಂದ ಬಾಯಾಗ ಎರಡ ಹನಿ ಬಿಡೂದು ಪದ್ಧತಿ ಐತಿ.”

೫. ಕರಿ ಹರಿದವರು

ಕಾರಹುಣ್ಣಿವೆ ಬಂತು. ಎತ್ತುಗಳಿಗೆ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಓಡಿಸುತ್ತಾರೆ. ಓಣಿಯ ಬಾಯಿಗೆ ಬೇವಿನ ತೊಪ್ಪಲು ಕಟ್ಟಿದ ಹಗ್ಗ ಅಡ್ಡ ಹಿಡಿದಿರುತ್ತಾರೆ. ಅದಕ್ಕೆ ಕರಿ ಎನ್ನುತ್ತಾರೆ. ಬಿಳಿಯ ಎತ್ತು ಮೊದಲು ಹಾದು ಕರಿ ಹರಿದರೆ ಆ ವರ್ಷ ಬಿಳಿಜೋಳ ಚೆನ್ನ, ಕೆಂಪು ಎತ್ತು ಹರಿದರೆ ಮುಂಗಾರಿ ಪೀಕು ಚೆನ್ನ. ಹವಾಮಾನ ಇಲಾಖೆಗಿಂತ ಈ ಪದ್ಧತಿ ಹೆಚ್ಚು ತಪ್ಪಿದೆ ಎಂದು ನಾನು ಹೇಳಲಾರೆ.

ನಮ್ಮ ಓಣಿಯಲ್ಲಿ ಆ ವರ್ಷ ಎತ್ತು ಉಳಿದದ್ದು ಒಂದೇ ಜೋಡಿ, ಅದೂ ಮುದಿ. ಮಾಲಕರು ಹಿರಿಯರ ಮುಂದೆ ವಿಷಯ ಇಟ್ಟರು: ತಮ್ಮ ಮೂರು ಗಾಡಿಗಳೂ ಓಡಲಿ. ಹಿರಿಯರು ಯೋಚಿಸಿ, ಕೆಂಪ್ಯಾನ ಬಣ್ಣ ಕೆಂಪೇ ಇರುವುದರಿಂದ ಅಡ್ಡಿಯಿಲ್ಲ ಎಂದರು.

ಬೆಳಿಗ್ಗೆಯಿಂದ ತಯಾರಿ. ಹ್ಯಾಂಡಲ್ಲುಗಳಿಗೆ ಬಣ್ಣ, ಗೊಂಡೆ, ಗೆಜ್ಜೆ. ಹಬ್ಬದ ದಿನ ಎತ್ತಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ, ಮೊಟ್ಟೆ ಕುಡಿಸುವುದು ರೂಢಿ. ಅದೇ ಗೊಟ್ಟದಿಂದ ಮೂರಕ್ಕೂ ಎಂಜಿನ್ ಎಣ್ಣೆ ಕುಡಿಸಿದರು. ಮೊಟ್ಟೆಯನ್ನು ವೈನಿ ಕೊಡಲಿಲ್ಲ. ಓಡಲಾರದ ಕರಿಯನ ದೀಪಕ್ಕೂ ಒಂದು ಹೋಳಿಗೆಯ ಚೂರು ಅಂಟಿಸಿದರು. ಬೇವಿನ ಗಿಡದ ಕೆಳಗಿನ ಎಮ್ಮೆಗೆ, ಹಬ್ಬ ಅದರದ್ದಲ್ಲ ಎಂದು, ದಿನದ ಹುಲ್ಲೇ.

ಸಂಜೆ ಮುದಿ ಎತ್ತುಗಳು ಮೊದಲು ಬಂದು, ಹಗ್ಗದ ತನಕ ನಡೆದು, ನಿಂತು, ಬೇವಿನ ತೊಪ್ಪಲನ್ನು ಮೂಸಿ ತಿರುಗಿದವು. ಆಮೇಲೆ ಗಾಡಿಗಳ ಸರದಿ. ಮಾಲಕರು ಕೆಂಪ್ಯಾನ ಮೇಲೆ, ಉಳಿದೆರಡರ ಮೇಲೆ ಅವರ ಇಬ್ಬರು ಗೆಳೆಯರು. ಹಿರಿಯರು ಕೈ ಎತ್ತಿದರು. ಮೂರೂ ಒಟ್ಟಿಗೆ ಗುಡುಗಿದವು. ಬೋಳ್ಯಾನ ಸೈಲೆನ್ಸರ್ ಬಂದೂಕಿನಂತೆ ಹಾರಿತು.

ಅಂಗಳದಲ್ಲಿ ಎಮ್ಮೆ ತಲೆ ಎತ್ತಿತು. ಮೂಗಿನ ಹೊಳ್ಳೆ ಅರಳಿಸಿತು. ಹಗ್ಗ ಕಿತ್ತಿತು. ಗಬ್ಬದ ಎಮ್ಮೆ ಅಷ್ಟು ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಗಾಡಿಗಳು ಗೇರ್ ಹಾಕುವ ಮೊದಲೇ ಅವುಗಳ ನಡುವಿನಿಂದ ನುಗ್ಗಿ, ಓಣಿಯುದ್ದಕ್ಕೂ ಹಾದು, ಕರಿಯನ್ನು ಕೊರಳಲ್ಲಿ ಹಾಕಿಕೊಂಡು ಆಚೆ ದಾಟಿತು. ತೊಪ್ಪಲಿನ ಹಾರ ಹಾಕಿಕೊಂಡ ಮಂತ್ರಿಯಂತೆ ಹೋಗಿ ಚರಂಡಿಯ ಹತ್ತಿರ ನಿಂತಿತು.

ಜನ ಕೇಕೆ ಹಾಕಿದರು. ಎಲ್ಲರೂ ಓಣಿಯ ಹಿರಿಯರ ಮುಖ ನೋಡಿದರು. ಹಿರಿಯರು ರುಮಾಲು ತೆಗೆದು ತಲೆ ಕೆರೆದುಕೊಂಡರು.

“ಬಿಳೀದು ಹರದ್ರ ಬಿಳಿಜ್ವಾಳ, ಕೆಂಪು ಹರದ್ರ ಮುಂಗಾರಿ. ಎಮ್ಮಿ ಹರದ್ರ ಏನ ಅಂತ ನಮ್ಮ ಹಿರ್ಯಾರ ಹೇಳಿಲ್ಲಪ.”

“ನಾ ಹೇಳ್ತೇನ್ರಿ,” ಎಂದು ಜನರ ನಡುವಿನಿಂದ ವೈನಿಯ ದನಿ ಬಂತು. “ಎಮ್ಮಿ ಹರದ್ರ ಎಮ್ಮಿ ಒಳಗ. ಗಾಡಿ ಹೊರಗ.”

ಪಂಚಾಂಗದಲ್ಲಿಲ್ಲದ ಫಲ. ಆದರೂ ಹಿರಿಯರು ಒಪ್ಪಿದರು.

೬. ಪಾಲಿಗೆ

ಒಪ್ಪಿದ್ದು ಹಿರಿಯರು, ಮಾಲಕರಲ್ಲ. ಮಾರುವುದಿಲ್ಲ, ಗುಜರಿಗೆ ಹಾಕುವುದಿಲ್ಲ, ಹೊರಗೆ ಮಳೆಯಲ್ಲಿ ನಿಲ್ಲಿಸುವುದಿಲ್ಲ ಎಂದು ಕೂತರು. ಈಯುವ ದಿನ ಸಮೀಪಿಸಿ ಎಮ್ಮೆಯ ಕೆಚ್ಚಲು ಇಳಿಯುತ್ತಿತ್ತು. ಮೋಡ ದಿನಾ ಒಂದಿಷ್ಟು ಹತ್ತಿರ ಬರುತ್ತಿತ್ತು. ನನ್ನ ಚಹಾ ಕಪ್ಪಾಗಿಯೇ ಇತ್ತು.

ವೈನಿ ಎರಡು ಕಡೆ ಹೇಳಿಕಳಿಸಿದರು. ಅಥಣಿಯಿಂದ ಅವರ ತಮ್ಮ ಬಂದ, ದ್ರಾಕ್ಷಿ ತೋಟದವನು. ಜುಗೂಳದಿಂದ ಚಿಕ್ಕಮ್ಮನ ಮಗ ಬಂದ, ಕೃಷ್ಣೆಯ ದಂಡೆಗೆ ಬದನೆಕಾಯಿ ಬೆಳೆದು ಬುಟ್ಟಿ ಹೊತ್ತು ಕಾಗವಾಡ ಸಂತೆಗೆ ಹೋಗುವವನು. ಇಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿ, ಮಾಲಕರನ್ನು ಕರೆದು, ವೈನಿ ಸೆರಗು ಬಿಗಿದು ಹೇಳಿದರು:

“ಮಾರೂದಲ್ಲ, ದಾನಾ ಮಾಡೂದಲ್ಲ. ಪಾಲಿಗಿ ಕೊಡೂದು. ನಿಮ್ಮಪ್ಪ ಆಕಳಾ ಪಾಲಿಗಿ ಕೊಡ್ತಿದ್ರು ಹೌದಲ್ರಿ?”

ಮಾಲಕರು ಹೌದೆನ್ನಲೇಬೇಕಾಯಿತು. ದನ ಹೆಚ್ಚಾದ ಮನೆಯವರು ದನ ಇಲ್ಲದವರಿಗೆ ಒಂದನ್ನು ಸಾಕಲು ಕೊಡುತ್ತಾರೆ. ಮೇಯಿಸುವುದು, ಕರೆದುಣ್ಣುವುದು ಒಯ್ದವನದು. ದನ ಮಾತ್ರ ಕೊಟ್ಟವನದೇ. ಈದದ್ದಕ್ಕೆ ಈತ ಎನ್ನುತ್ತಾರೆ, ಅದರಲ್ಲಿ ಇಬ್ಬರಿಗೂ ಪಾಲು.

“ಹಂಗ,” ಅಂದರು ವೈನಿ. “ಜೀವ ನಿಮ್ಮದು. ಎಣ್ಣಿ, ಗಾಳಿ, ರಿಪೇರಿ ಅವರದು. ಮೊದಲನೇ ಈತ ನಿಮ್ಮದು, ಎರಡನೇ ಈತ ಅವರದು.”

ಮಾಲಕರ ಕಾನೂನಿನಲ್ಲೇ ಮಾಲಕರನ್ನು ಕಟ್ಟಿಹಾಕಿದ್ದರು. ಅವರು ಬೀಡಿ ಆರಿಸಿ, ಒಂದೇ ಕರಾರು ಹಾಕಿದರು: “ಹೊಡೀಬಾರದು, ಬೈಬಾರದು, ರಾತ್ರಿ ಹೊರಗ ಬಿಡಬಾರದು.” ಬೋಳ್ಯಾ ಅಥಣಿಗೆ ಎಂದಾಯಿತು. ಸುಳ್ಯಾನನ್ನು ಅಥಣಿಯವನು ಸುಳಿ ನೋಡಿ ಬೇಡವೆಂದಿದ್ದ. ಜುಗೂಳದವನಿಗೆ ಆಯ್ಕೆ ಇರಲಿಲ್ಲ. ಅವನು ಸಾವಕಾಶ ಎದ್ದು ಸುಳ್ಯಾನ ಸುತ್ತ ಒಂದು ಸುತ್ತು ಹಾಕಿ, ಪಾಲಿಗೆ ಒಯ್ಯುವವರು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ:

“ಗೊಬ್ಬರ ಯಾರದು ಅಕ್ಕಾ?”

“ಗೊಬ್ಬರ, ಹೊಗಿ ಎಲ್ಲಾ ನಿಂದ.”

ನನಗೆ ತಡೆಯಲಾಗಲಿಲ್ಲ. “ಇದೆಲ್ಲ ಮಾತಿಗೆ ಸರಿ. ಆದರೆ ಮೋಟರ್‌ಸೈಕಲ್ ಈಯುವುದಿಲ್ಲವಲ್ಲ. ಮೊದಲನೇ ಈತ, ಎರಡನೇ ಈತ ಅಂದರೆ ಏನು ಅರ್ಥ?”

ವೈನಿ ನನ್ನ ಕಡೆ ತಿರುಗಿದರು.

“ಸರ, ವ್ಯವಹಾರದ ನಡುವ ನೀವು ಕೈ ಹಾಕಬ್ಯಾಡ್ರಿ. ಒಮ್ಮಿ ಹಾಕಿದ್ದು ಸಾಕು.”

೭. ಮೊದಲನೆಯ ಈತ

ಆ ಮಳೆಗಾಲದಲ್ಲಿ ಎಮ್ಮೆ ತನ್ನ ಗೂಟದಲ್ಲೇ ಈಯಿತು. ಹೆಣ್ಣುಕರ. ಅದಕ್ಕೆ ಮೂರನೆಯ ಗೂಟ. ಕೆಂಪ್ಯಾ ಮತ್ತು ದಿವಂಗತ ಕರಿಯ ಜೋಡಿಯಾಗಿ ಒಂದು ಮತ್ತು ಎರಡರಲ್ಲಿ. ನನ್ನ ಚಹಾ ಬಿಳಿಯಾಯಿತು. ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡೆ: ಎರಡು, ಅದರಲ್ಲಿ ಒಂದು ಸತ್ತಿರಬೇಕು.

ತೊಂಬತ್ತರ ದಶಕ ಬಂತು. ಕರ ಬೆಳೆದು ಮಣಕವಾಯಿತು. ಒಂದು ಭಾನುವಾರ ಮುಂಜಾನೆ ಓಣಿಯಲ್ಲಿ ಗಲಾಟೆ. ಹೊರಗೆ ಬಂದು ನೋಡಿದೆ. ಜುಗೂಳದವನು ಸುಳ್ಯಾನ ಮೇಲೆ ಸಾವಕಾಶ ಬರುತ್ತಿದ್ದ. ಹಿಂದೆ, ಒಂದು ಹಗ್ಗದಲ್ಲಿ ಕಟ್ಟಿದ ಪುಟ್ಟ ಮೋಪೆಡ್. ಅದರ ಮೇಲೆ ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು, ಹ್ಯಾಂಡಲ್ ಹಿಡಿದು, ಮುಖ ಗಂಭೀರ ಮಾಡಿಕೊಂಡು ಕೂತಿದ್ದಳು.

ಅವನು ಇಳಿದು, ಚಪ್ಪಲಿ ಬಿಟ್ಟು, ಮಾಲಕರಿಗೆ ಕೈಮುಗಿದ.

“ಮಾವಾರ, ನಿಮ್ಮ ಗಾಡಿ ಈದೈತ್ರಿ.”

ಮಾಲಕರ ಬಾಯಿಂದ ಬೀಡಿ ಬಿತ್ತು.

ಸಂಗತಿ ಇಷ್ಟೇ. ಬುಟ್ಟಿ ಹೊತ್ತು ನಡೆಯುತ್ತಿದ್ದವನು ಸುಳ್ಯಾನ ಮೇಲೆ ಬದನೆಕಾಯಿ ಹೇರತೊಡಗಿದ. ತನ್ನದರ ಜೊತೆಗೆ ದಂಡೆಯ ಉಳಿದವರ ಮಾಲೂ ಒಯ್ದ. ಕೈಯಲ್ಲಿ ಒಂದಿಷ್ಟು ಉಳಿಯಿತು. ಉಳಿದದ್ದರಲ್ಲಿ ಹಳೆಯ ಮೋಪೆಡ್ ಒಂದನ್ನು ಕೊಂಡ. ಮನೆಗೆ ತಂದ ಮೇಲೆ ಅವನಿಗೆ ಕಟ್ಟೆಯ ಮಾತು ನೆನಪಾಯಿತು.

“ಸುಳ್ಯಾನ ದುಡಿಮ್ಯಾಗ ಹುಟ್ಟಿದ್ದರಿ ಇದು. ಮೊದಲನೇ ಈತ ನಿಮ್ಮದು ಅಂತ ಮಾತಾಗೇತಿ. ನಾ ಒಂದ ದಿನಾನೂ ಹತ್ತಿಲ್ರಿ. ತಾಯಿ ಹಿಂದ ಹಂಗ ಹೊಡ್ಕೊಂಡ ಬಂದೇನಿ.”

ಮಾಲಕರು ಮೋಪೆಡ್ಡಿನ ನೆತ್ತಿ ಸವರಿದರು. ಕಣ್ಣು ಒದ್ದೆಯಾಗಿದ್ದವು. ನನ್ನ ಕಡೆ ನೋಡಿದರು. “ಏನೋ ಈಯೂದಿಲ್ಲ ಅಂದಿದ್ರೆಲ್ಲ ಮಾಸ್ತರ?” ಆಮೇಲೆ ನೆನಪಾಯಿತು. ಹೆದರುತ್ತ ಬಾಗಿಲ ಕಡೆ ನೋಡಿದರು. ನಾಲ್ಕೂ ಗೂಟ ತುಂಬಿದ್ದವು. ಬಾಗಿಲಲ್ಲಿ ವೈನಿ ನಿಂತಿದ್ದರು.

ವೈನಿ ಇಳಿದು ಬಂದು ಮೋಪೆಡ್ಡಿನ ಸುತ್ತ ನಡೆದರು.

“ಗಂಡೋ ಹೆಣ್ಣೋ?”

“ಹೆಣ್ಗರಾ ಅಕ್ಕಾ,” ಅಂದ ಜುಗೂಳದವನು. “ಗೇರ್ ಇಲ್ಲ, ಕ್ಲಚ್ ಇಲ್ಲ. ಭಾಳ ಸಂಭಾವಿತ ಐತಿ. ಈಕಿನ ಕೇಳ್ರಿ, ಜುಗೂಳದಿಂದ ಇಲ್ಲಿ ಮಟ ಒಮ್ಮಿ ಒದರಿಲ್ಲ.”

“ಹಗ್ಗ ಬಿಚ್ಚು.”

ಮಾಲಕರು ಕೆಂಪ್ಯಾನಿಂದ ತಂಬಿಗೆ ಹಿಡಿದು ಪೆಟ್ರೋಲ್ ಕರೆದು ಹಾಕಿದರು. ವೈನಿ ಸೀರೆಯ ನಿರಿಗೆ ಸಿಕ್ಕಿಸಿ ಹತ್ತಿದರು. ಪೆಡಲ್ ತುಳಿದರು. ಮೋಪೆಡ್ ಚೀರಿ ಹೊರಟಿತು. ಅಂಗಳದ ಬೇವಿನ ಗಿಡಕ್ಕೆ ಒಂದು ಸುತ್ತು ಹಾಕಿದರು, ಇನ್ನೊಂದು ಸುತ್ತು ಹಾಕಿದರು. “ಬ್ರೇಕ್ ಹಿಡಿ, ಬ್ರೇಕ್ ಹಿಡಿ!” ಎಂದು ಮಾಲಕರು ಹಿಂದೆ ಓಡಿದರು.

“ಬ್ರೇಕ್ ಗೊತ್ತೈತ್ರಿ!” ಎಂದು ವೈನಿ ತಿರುಗುತ್ತಲೇ ಕೂಗಿದರು. “ನಿಲ್ಸೂ ಮನಸಿಲ್ಲ!”

ಅದು ಮನೆಯಲ್ಲೇ ಉಳಿಯಿತು. ಗೂಟ ಇಲ್ಲದ್ದರಿಂದ ಬೇವಿನ ಗಿಡಕ್ಕೆ ಕಟ್ಟಿದರು. ವೈನಿ ಅದರ ಮೇಲೆ ಪೇಟೆಗೆ ಹೋದರು, ಹಿಂಡಿ ತಂದರು, ಅಥಣಿಗೆ ತಮ್ಮನ ಮನೆಗೆ ಹೋಗಿ ಬಂದು ಓಣಿಯನ್ನೆಲ್ಲ ಸುಮ್ಮನಾಗಿಸಿದರು. ಮೇಲೆ ಮೋಡ ಕವಿದರೆ ಸಾಕು, ಕಿಟಕಿಯಿಂದ ಬೇವಿನ ಗಿಡದ ಕಡೆ ನೋಡುತ್ತಿದ್ದರು. ಒಮ್ಮೆ ಎಮ್ಮೆಗಾಗಿ ಹೀಗೇ ನೋಡುತ್ತಿದ್ದರು.

ಒಂದು ಸಂಜೆ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ವೈನಿ ಮಾಲಕರಿಗೆ ಹೇಳಿದರು:

“ಜುಗೂಳದಾಂವ್ಗ ಹೇಳಿ ಕಳಸ್ರಿ. ಎರಡನೇ ಈತಾನೂ ನಮಗ ಬಿಟ್ಟುಕೊಡು ಅಂತ. ಬೇಕಾದ್ರ ಮೂರನೇದು, ನಾಕನೇದು ಎರಡೂ ಅವನ ಇಟ್ಕೊಳ್ಳಿ.”

“ಯಾಕ?” ಅಂದರು ಮಾಲಕರು.

“ಇದು ಮಳ್ಯಾಗ ಒಂದ ನಿಂತಿರತೈತಿ, ನೋಡಾಕ ಆಗೂದಿಲ್ಲ. ಒಂಟಿ ಕಟ್ಟಬಾರದು.”

ನಾನು ಮಾಲಕರ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಎಂದೂ ಕೇಳದ ಮಾತು ಅಂದು ಬಂತು.

“ಸಾಕಲ್ಲ? ಜಾಗಾ ಎಲ್ಲೈತಿ?”

ಇಳಿಮುಖ ತುಷ್ಟಿಗುಣ ನಿಯಮ ಕೊನೆಗೂ ಗೆದ್ದಿತೆಂದು ನಾನು ಚಹಾದ ಲೋಟ ಎತ್ತಿದೆ. ವೈನಿ ಅಂಗಳ ನೋಡಿದರು. ದನದ ಮನೆ ನೋಡಿದರು. ಅಲ್ಲಿಂದ ಕಣ್ಣು ಗೋಡೆಯುದ್ದಕ್ಕೂ ಸರಿದು ನನ್ನ ಖೋಲಿಯ ಬಾಗಿಲ ಮೇಲೆ ನಿಂತಿತು.

“ಇದು ಮೊದಲ ಹೊಟ್ಟಿನ ಖೋಲಿ ಅಲ್ರಿ? ಎರಡ ಗೂಟ ಆರಾಮ ಹಿಡಿತಾವ.”

“ವೈನಿ,” ಎಂದೆ, “ಮತ್ತೆ ನಾನು?”

“ನಿಮಗ್ಯಾಕ ಚಿಂತಿ ಸರ?” ಎಂದು ವೈನಿ ನನ್ನ ಲೋಟಕ್ಕೆ ಇನ್ನಷ್ಟು ಹಾಲಿನ ಚಹಾ ಸುರಿದರು. “ಅಥಣ್ಯಾಗ ನಮ್ಮ ತಮ್ಮ ಅದಾನ. ನಿಮ್ಮನ್ನ ಪಾಲಿಗಿ ಕೊಡ್ತೀವಿ.”